ಗೋಪುರ ಮೊದಲೋ, ಉದ್ಯಾನ ಮೊದಲೋ?

ಪ್ರಶ್ನೆ: ನಮ್ಮ ನಗರದ ಹಳೆಯ ಬಡಾವಣೆಯೊಂದನ್ನು ಪೂರ್ತಿ ಕೆಡವಿ ಹೊಸದಾಗಿ ಕಟ್ಟುವ ಯೋಜನೆ ಬಂದಿದೆ. ಒಟ್ಟು ಹತ್ತು ಹೆಕ್ಟೇರ್ ಜಾಗ. ಈಗ ಎರಡು, ಮೂರು, ನಾಲ್ಕು ಅಂತಸ್ತಿನ ಹಳೆಯ ಕಟ್ಟಡಗಳಲ್ಲಿ ಸುಮಾರು ಎರಡು ಸಾವಿರ ಮನೆಗಳಿವೆ, ಕೆಳಗೆ ಅಂಗಡಿ ಮತ್ತು ಸಣ್ಣ ಕಾರ್ಖಾನೆಗಳಿವೆ. ಇವೆಲ್ಲ ಹೋಗಿ ಐವತ್ತು ಅಂತಸ್ತಿನ ಆರು ಕಟ್ಟಡಗಳು, ನಾಲ್ಕು ಸಾವಿರ ಮನೆಗಳು, ನಡುವೆ ನಾಲ್ಕು ಹೆಕ್ಟೇರಿನ ಉದ್ಯಾನ ಬರುತ್ತವಂತೆ. ಮೇಲಕ್ಕೆ ಕಟ್ಟಿದರೆ ಕೆಳಗೆ ಜಾಗ ಉಳಿಯುತ್ತದೆ, ಈಗಿನವರಿಗೆಲ್ಲ ಅಲ್ಲಿಯೇ ಮನೆ ಸಿಗುತ್ತದೆ ಎನ್ನುತ್ತಾರೆ. ನಾನು ಅಲ್ಲಿ ಹುಟ್ಟಿ ಬೆಳೆದವಳು. ಆಕ್ಷೇಪಣೆ ಸಲ್ಲಿಸಲು ಎರಡು ತಿಂಗಳಿದೆ. ವಿರೋಧಿಸಬೇಕೋ ಒಪ್ಪಬೇಕೋ ತಿಳಿಯದು. ಕಡತದಲ್ಲಿ ಏನನ್ನು ನೋಡಬೇಕು?

ಉತ್ತರ: ವಿರೋಧವೋ ಒಪ್ಪಿಗೆಯೋ ಎಂಬುದನ್ನು ಸದ್ಯ ಬದಿಗಿಡಿ. ಕಡತದ ಪ್ರತಿ ಪಡೆದು, ಬಣ್ಣದ ಚಿತ್ರಗಳ ಪುಟಗಳನ್ನೆಲ್ಲ ಮಗುಚಿ, ಕಾಮಗಾರಿಯ ಹಂತಗಳ ವೇಳಾಪಟ್ಟಿ ಇರುವ ಪುಟವನ್ನು ತೆಗೆಯಿರಿ. ಅದು ಸಾಮಾನ್ಯವಾಗಿ ಕೊನೆಯ ಅನುಬಂಧಗಳಲ್ಲಿ, ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಮೊದಲು ಏಳುವುದು ಯಾವುದು, ಕೊನೆಗೆ ಏಳುವುದು ಯಾವುದು? ಯಾರ ಮನೆ ಯಾವ ವರ್ಷ ಬೀಳುತ್ತದೆ, ಅಷ್ಟರಲ್ಲಿ ಅವರು ಹೋಗಿ ಇರಲು ಯಾವ ಮನೆ ಸಿದ್ಧವಾಗಿರುತ್ತದೆ? ಉದ್ಯಾನ ಎಷ್ಟನೆಯ ಹಂತ? ಇಡೀ ಕಡತದ ಸತ್ವ ಆ ಒಂದು ಕೋಷ್ಟಕದಲ್ಲಿದೆ. ಐವತ್ತು ಅಂತಸ್ತೋ ಮೂವತ್ತೋ ಎಂಬ ಜಗಳ ಅದರ ಮುಂದೆ ಚಿಕ್ಕದು. ಪತ್ರಿಕೆಗಳಲ್ಲಿ ನಡೆಯುವುದು ಮಾತ್ರ ಆ ಜಗಳವೇ.

ಪ್ರದರ್ಶನಕ್ಕಿಟ್ಟ ಮಾದರಿಯನ್ನು ನೀವು ನೋಡಿರಬಹುದು. ಗಾಜಿನ ಪೆಟ್ಟಿಗೆಯೊಳಗೆ ಹೊಳೆಯುವ ಗೋಪುರಗಳು, ನಡುವೆ ಹಸಿರು, ಹಸಿರಿನಲ್ಲಿ ಗುಂಡುಸೂಜಿಯ ತಲೆಯಷ್ಟು ಮನುಷ್ಯರು. ಅಲ್ಲಿನ ಮರಗಳು ಸ್ಪಂಜಿನ ಚೂರುಗಳು, ತಂತಿಗೆ ಸಿಕ್ಕಿಸಿ ಥರ್ಮೋಕೋಲಿಗೆ ಚುಚ್ಚಿದವು. ಇಂಥ ಮಾದರಿಗಳ ಮುಂದೆ ನಿಂತಾಗಲೆಲ್ಲ ನಾನು ಬಗ್ಗಿ ಮೇಜಿನ ಅಂಚನ್ನು ನೋಡುತ್ತೇನೆ. ನೆಲದ ಕೆಳಗೆ ಏನಿದೆ ಎಂಬುದನ್ನು ಯಾರೂ ತೋರಿಸಿರುವುದಿಲ್ಲ. ಅಲ್ಲಿಂದಲೇ ಲೆಕ್ಕ ಶುರು ಮಾಡೋಣ.

ಹತ್ತು ಹೆಕ್ಟೇರ್ ಎಂದರೆ ಒಂದು ಲಕ್ಷ ಚದರ ಮೀಟರ್. ಐವತ್ತು ಅಂತಸ್ತಿನ ಕಟ್ಟಡದ ಒಂದೊಂದು ಅಂತಸ್ತು ಸಾವಿರ ಚದರ ಮೀಟರ್ ಎಂದಿಟ್ಟುಕೊಳ್ಳಿ. ಆರು ಕಟ್ಟಡಗಳಿಂದ ಮೂರು ಲಕ್ಷ ಚದರ ಮೀಟರ್ ಕಟ್ಟಡ ದೊರೆಯುತ್ತದೆ, ಅವು ನೆಲದ ಮೇಲೆ ಹಿಡಿಯುವ ಜಾಗ ಬರೀ ಆರು ಸಾವಿರ. ನೂರಕ್ಕೆ ಆರು ಪಾಲು! ಉಳಿದ ತೊಂಬತ್ತನಾಲ್ಕು ಪಾಲು ಹಸಿರು ಎಂಬ ಆಸೆ ಹುಟ್ಟುವುದು ಇಲ್ಲಿ. ಈಗ ಕಾರುಗಳನ್ನು ತನ್ನಿ. ನಾಲ್ಕು ಸಾವಿರ ಮನೆಗಳಿಗೆ ಮೂರು ಸಾವಿರ ಕಾರು ಎಂದರೂ, ಓಡಾಡುವ ದಾರಿ ಸೇರಿ ಒಂದು ಕಾರಿಗೆ ಮೂವತ್ತು ಚದರ ಮೀಟರ್ ಬೇಕು. ಒಟ್ಟು ತೊಂಬತ್ತು ಸಾವಿರ. ಅಂದರೆ ಇಡೀ ಬಡಾವಣೆಯ ಕೆಳಗೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೆಲಮಾಳಿಗೆ ತೋಡಿದರೂ ಒಂದು ಮಟ್ಟ ತುಂಬಿಹೋಗುತ್ತದೆ. ಎರಡು ಮಟ್ಟ ಮಾಡಿದರೆ ಅರ್ಧ ಬಡಾವಣೆ. ನಾಲ್ಕು ಹೆಕ್ಟೇರಿನ ಉದ್ಯಾನ ಬಹುಪಾಲು ಕಾರು ನಿಲ್ಲಿಸುವ ಜಾಗದ ತಾರಸಿಯ ಮೇಲೆಯೇ ಕೂರುತ್ತದೆ.

ತಾರಸಿಯ ಮೇಲೆ ಉದ್ಯಾನ ಮಾಡಬಾರದೆಂದಲ್ಲ. ಷಿಕಾಗೋದ ಮಿಲೇನಿಯಂ ಪಾರ್ಕ್ ರೈಲು ಹಳಿ ಮತ್ತು ಪಾರ್ಕಿಂಗ್ ಮೇಲೆ ಹಾಸಿದ 24.5 ಎಕರೆ ಉದ್ಯಾನ, 2004ರಲ್ಲಿ ತೆರೆಯಿತು, ಜನ ಮುಗಿಬಿದ್ದು ಬರುತ್ತಾರೆ. ಆದರೆ ಅದು ತೆರೆದದ್ದು ನಾಲ್ಕು ವರ್ಷ ತಡವಾಗಿ, ಮೊದಲ ಅಂದಾಜಿನ ಮೂರು ಪಟ್ಟು ಖರ್ಚಿನಲ್ಲಿ. ಹುಲ್ಲಿಗೆ ಒಂದಡಿ ಮಣ್ಣು ಸಾಕು, ಪೊದೆಗೆ ಎರಡಡಿ. ನೆರಳು ಕೊಡುವ ದೊಡ್ಡ ಮರಕ್ಕೆ ಒಂದರಿಂದ ಒಂದೂವರೆ ಮೀಟರ್ ಆಳ ಬೇಕು, ಅದೂ ಕುಂಡದ ಅಳತೆಯಲ್ಲಿ ಸಾಲದು, ಬೇರು ಹರಡಲು ಅಗಲವೂ ಬೇಕು. ನೀರು ಕುಡಿದ ಮಣ್ಣು ಒಂದು ಘನ ಮೀಟರಿಗೆ ಸುಮಾರು 1.8 ಟನ್ ತೂಗುತ್ತದೆ. ಒಂದೂವರೆ ಮೀಟರ್ ಮಣ್ಣು ಹಾಸಿದರೆ ಪ್ರತಿ ಚದರ ಮೀಟರಿನ ಮೇಲೆ 2.7 ಟನ್. ಮನೆಯ ನೆಲವನ್ನು ವಿನ್ಯಾಸ ಮಾಡುವಾಗ ಜನ, ಮೇಜು, ಮಂಚಗಳಿಗೆಂದು ಎಂಜಿನಿಯರುಗಳು ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 200 ಕಿಲೋ. ಹದಿಮೂರು ಪಟ್ಟು ವ್ಯತ್ಯಾಸ! ಹಾಗಾಗಿ ಖರ್ಚು ಹೆಚ್ಚಾಯಿತು ಎಂಬ ಮಾತು ಬಂದ ದಿನ ಮೊದಲು ತೆಳುವಾಗುವುದು ಮಣ್ಣು. ಚಿತ್ರದಲ್ಲಿದ್ದ ಆಲದ ಮರ ಹೋಗಿ ಅಲಂಕಾರದ ಹುಲ್ಲು ಬರುತ್ತದೆ. ಸ್ಲ್ಯಾಬಿನ ಮೇಲಿನ ಜಲನಿರೋಧಕ ಪದರ ಕೆಲವು ದಶಕಗಳಲ್ಲಿ ಸೋರತೊಡಗಿದಾಗ ಉದ್ಯಾನವನ್ನೇ ಅಗೆದು ತೆಗೆಯಬೇಕು, ಅಷ್ಟು ವರ್ಷ ಬೆಳೆದ ಮರಗಳ ಸಮೇತ.

ಆದ್ದರಿಂದ ಕಡತದಲ್ಲಿ ಎರಡನೆಯದಾಗಿ ಹುಡುಕಬೇಕಾದದ್ದು ನೆಲಮಾಳಿಗೆಯ ನಕ್ಷೆ. ಅದನ್ನು ಉದ್ಯಾನದ ನಕ್ಷೆಯ ಮೇಲಿಟ್ಟು ಬೆಳಕಿಗೆ ಹಿಡಿಯಿರಿ. ಎಷ್ಟು ಪಾಲು ಉದ್ಯಾನದ ಕೆಳಗೆ ನಿಜವಾದ ಭೂಮಿ ಇದೆ? ಕನಿಷ್ಠ ಅರ್ಧವಾದರೂ ಇರಲಿ ಎಂದು ನಾನು ಪಟ್ಟು ಹಿಡಿಯುತ್ತೇನೆ. ಮಳೆನೀರು ಇಂಗುವುದು ಅಲ್ಲಿ, ಮರ ನೂರು ವರ್ಷ ಬದುಕುವುದೂ ಅಲ್ಲಿ. ಇದು ನನ್ನ ಅನುಭವದ ಅಳತೆ, ಕಾನೂನಿನದಲ್ಲ.

ನಾಲ್ಕು ಹೆಕ್ಟೇರ್ ಎಂಬ ಸಂಖ್ಯೆಯನ್ನೂ ಸ್ವಲ್ಪ ಕುಟ್ಟಿ ನೋಡಬೇಕು. ಮನೆಗೆ ನಾಲ್ಕು ಜನ ಎಂದರೆ ಹೊಸ ಬಡಾವಣೆಯಲ್ಲಿ ಹದಿನಾರು ಸಾವಿರ ಜನ. ತಲೆಗೆ ಎರಡೂವರೆ ಚದರ ಮೀಟರ್ ಉದ್ಯಾನ. ಒಂದು ಮಂಚದಷ್ಟಗಲ! ಅದರಲ್ಲಿ ಕಾರು ಬಂದು ನಿಲ್ಲುವ ವೃತ್ತ, ಅಗ್ನಿಶಾಮಕ ವಾಹನ ತಿರುಗಲು ಗಟ್ಟಿ ನೆಲ, ನೆಲಮಾಳಿಗೆಗೆ ಇಳಿಯುವ ಇಳಿಜಾರು, ಗಾಳಿ ಹೊರಬಿಡುವ ಗೂಡುಗಳು, ವಿದ್ಯುತ್ ಉಪಕೇಂದ್ರ ಇವುಗಳ ಪಾಲನ್ನು ಯಾರೂ ಕಳೆದಿರುವುದಿಲ್ಲ. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಇನ್ನು ಮೇಲಕ್ಕೆ ಕಟ್ಟಿದರೆ ಕೆಳಗೆ ಜಾಗ ಉಳಿಯುತ್ತದೆ ಎಂಬ ಮಾತು. ಇದಕ್ಕೆ ನೂರು ವರ್ಷದ ಇತಿಹಾಸವಿದೆ. 1925ರಲ್ಲಿ ವಾಸ್ತುಶಿಲ್ಪಿ ಲ ಕಾರ್ಬ್ಯೂಸಿಯೆ ಪ್ಯಾರಿಸ್ಸಿನ ನಡುಭಾಗವನ್ನು ಅಳಿಸಿ, ಅರವತ್ತು ಅಂತಸ್ತಿನ ಹದಿನೆಂಟು ಗೋಪುರಗಳನ್ನು ಹಸಿರಿನ ಮಧ್ಯೆ ನಿಲ್ಲಿಸುವ ಯೋಜನೆಯನ್ನು ಮಂಡಿಸಿದ. ಪ್ಯಾರಿಸ್ ಅದನ್ನು ಕಟ್ಟಲಿಲ್ಲ. ಜಗತ್ತಿನ ಉಳಿದ ಊರುಗಳು ಅದರ ಅಗ್ಗದ ನಕಲುಗಳನ್ನು ಕಟ್ಟಿಕೊಂಡವು. 1960ರ ದಶಕದಲ್ಲಿ ಕೇಂಬ್ರಿಡ್ಜಿನಲ್ಲಿ ಲೆಸ್ಲಿ ಮಾರ್ಟಿನ್ ಮತ್ತು ಲಯನೆಲ್ ಮಾರ್ಚ್ ಎಂಬ ಇಬ್ಬರು ಈ ನಂಬಿಕೆಯನ್ನು ರೇಖಾಗಣಿತದಿಂದಲೇ ಪರೀಕ್ಷಿಸಿದರು. ಒಂದು ಚೌಕದ ನಡುವೆ ಗೋಪುರ ನಿಲ್ಲಿಸುವ ಬದಲು, ಅಷ್ಟೇ ಕಟ್ಟಡವನ್ನು ಚೌಕದ ಅಂಚಿನುದ್ದಕ್ಕೆ ಪಟ್ಟಿಯಂತೆ ಹಾಸಿ ನಡುವೆ ಅಂಗಳ ಬಿಟ್ಟರೆ ಏನಾಗುತ್ತದೆ? ಎತ್ತರ ಹಲವು ಪಟ್ಟು ಕುಸಿಯುತ್ತದೆ. ನಡುವೆ ಸಿಗುವ ಅಂಗಳ ಒಂದೇ ತುಂಡಾಗಿ, ಜನ ಬಳಸುವಷ್ಟು ದೊಡ್ಡದಾಗಿ ಉಳಿಯುತ್ತದೆ. ತೊಟ್ಟಿಮನೆಯನ್ನು ಕಂಡವರಿಗೆ ಇದು ಕೇಂಬ್ರಿಡ್ಜಿನಿಂದ ಬರಬೇಕಾದ ಸುದ್ದಿಯೇನಲ್ಲ, ಆದರೆ ಅವರು ಅಂಕಿ ಹಾಕಿ ತೋರಿಸಿದರು.

ನಿಮ್ಮ ಬಡಾವಣೆಗೆ ಹಚ್ಚಿ ನೋಡುತ್ತೇನೆ. ನಾಲ್ಕು ಹೆಕ್ಟೇರ್ ಉದ್ಯಾನ, ಎರಡೂವರೆ ಹೆಕ್ಟೇರ್ ರಸ್ತೆ ಬಿಟ್ಟರೆ ಮೂರೂವರೆ ಹೆಕ್ಟೇರ್ ಕಟ್ಟಲು ಸಿಗುತ್ತದೆ. ಅದರಲ್ಲಿ ನೂರಕ್ಕೆ ಅರವತ್ತು ಪಾಲು ಕಟ್ಟಿ, ಉಳಿದದ್ದನ್ನು ಅಂಗಳ ಬಿಟ್ಟರೆ, ಅದೇ ಮೂರು ಲಕ್ಷ ಚದರ ಮೀಟರಿಗೆ ಸರಾಸರಿ ಹದಿನಾಲ್ಕು, ಹದಿನೈದು ಅಂತಸ್ತು ಸಾಕು. ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಈ ಎತ್ತರಕ್ಕೆ ಆ ಅಂಗಳಗಳು ಇಕ್ಕಟ್ಟು, ಕೆಳಗಿನ ಮನೆಗಳಿಗೆ ಬೆಳಕು ಕಡಿಮೆ. ಹಾಗಾಗಿ ನಾನಾದರೆ ಎಂಟು, ಹತ್ತು ಅಂತಸ್ತಿನ ಸಾಲುಗಳನ್ನಿಟ್ಟು, ಸಾರಿಗೆ ನಿಲ್ದಾಣಕ್ಕೆ ಹತ್ತಿರದ ಮೂಲೆಯಲ್ಲಿ ಎರಡೋ ಮೂರೋ ಗೋಪುರಗಳಿಗೆ ಜಾಗ ಕೊಡುತ್ತೇನೆ. ನನಗೆ ಗೋಪುರದ ಮೇಲೆ ದ್ವೇಷವಿಲ್ಲ. ಆರೂ ಏಕೆ ಐವತ್ತೇ ಆಗಬೇಕು ಎಂಬ ಪ್ರಶ್ನೆಗೆ ಭೂಮಿ ಉಳಿಸುವುದು ಉತ್ತರವಲ್ಲ, ಅಷ್ಟೆ. ನಲವತ್ತನೆಯ ಅಂತಸ್ತಿನ ಕಿಟಕಿಯ ನೋಟಕ್ಕೆ ಬೆಲೆ ಹೆಚ್ಚು ಎಂಬುದು ಉತ್ತರ. ಅದನ್ನು ಬಾಯಿಬಿಟ್ಟು ಹೇಳುವ ಅಧಿಕಾರಿಯನ್ನೋ ಬಿಲ್ಡರನ್ನೋ ನಾನು ಇನ್ನೂ ಕಂಡಿಲ್ಲ.

ಎತ್ತರಕ್ಕೆ ಹೋದಂತೆ ಕೆಲವು ಖರ್ಚುಗಳು ಸದ್ದಿಲ್ಲದೆ ಏರುತ್ತವೆ. ಲಿಫ್ಟು, ಮೆಟ್ಟಿಲು, ಕೊಳವೆ ಮಾರ್ಗಗಳು ಪ್ರತಿ ಅಂತಸ್ತಿನ ನೂರಕ್ಕೆ ಇಪ್ಪತ್ತು, ಇಪ್ಪತ್ತೈದು ಪಾಲನ್ನು ನುಂಗುತ್ತವೆ. ನೀರನ್ನು ಹಂತಹಂತವಾಗಿ ಪಂಪ್ ಮಾಡಬೇಕು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಪ್ಪತ್ತು ಅಂತಸ್ತು ಮೀರಿದ ಕಚೇರಿ ಕಟ್ಟಡಗಳು ಆರು ಅಂತಸ್ತಿನೊಳಗಿನವುಗಳಿಗಿಂತ ಚದರ ಮೀಟರಿಗೆ ಸುಮಾರು ಎರಡೂವರೆ ಪಟ್ಟು ವಿದ್ಯುತ್ ಬಳಸುತ್ತವೆಂದು ಕಂಡುಬಂತು. ಇನ್ನೊಂದು ತೊಡಕು ನಿಮ್ಮಂಥ ಬಡಾವಣೆಗೆ ಇದೆಲ್ಲಕ್ಕಿಂತ ಮುಖ್ಯ. ಎಂಟು ಅಂತಸ್ತಿನ ಕಟ್ಟಡವನ್ನು ಒಂದೊಂದೇ ತುಂಡಾಗಿ ಕಟ್ಟಿ ಜನರನ್ನು ಒಳಗೆ ಬಿಡಬಹುದು. ಐವತ್ತು ಅಂತಸ್ತಿನದು ಹಾಗಲ್ಲ, ಅದನ್ನು ಪೂರ್ತಿ ಮುಗಿಸುವ ತನಕ ಒಂದು ಕುಟುಂಬವನ್ನೂ ಒಳಗೆ ಬಿಡುವುದು ಕಷ್ಟ. ನಡುವೆ ಮಾರುಕಟ್ಟೆ ಕುಸಿದರೆ ಇಪ್ಪತ್ತೆರಡನೆಯ ಅಂತಸ್ತಿನಲ್ಲಿ ಕಬ್ಬಿಣದ ಸರಳುಗಳು ಮಳೆಗೆ ತುಕ್ಕು ಹಿಡಿಯುತ್ತ ನಿಲ್ಲುತ್ತವೆ.

ಗಾಳಿಯ ವಿಚಾರವನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಎತ್ತರದಲ್ಲಿ ಗಾಳಿಯ ವೇಗ ಹೆಚ್ಚು. ಅದು ಚಪ್ಪಟೆ ಗೋಡೆಗೆ ಬಡಿದಾಗ ಒಂದು ಭಾಗ ಗೋಡೆಯ ಗುಂಟ ಕೆಳಗಿಳಿದು ಬುಡದ ಮೂಲೆಗಳಲ್ಲಿ ರಭಸವಾಗಿ ನುಗ್ಗುತ್ತದೆ. ಇಂಗ್ಲೆಂಡಿನ ಲೀಡ್ಸ್ ನಗರದ 32 ಅಂತಸ್ತಿನ ಗೋಪುರವೊಂದರ ಬುಡದಲ್ಲಿ 2011ರಲ್ಲಿ ಗಾಳಿಗೆ ಲಾರಿಯೇ ಮಗುಚಿ ಪಾದಚಾರಿಯೊಬ್ಬರು ಸತ್ತರು. ಆಮೇಲೆ ರಸ್ತೆಯ ಮೇಲೆ ದೊಡ್ಡ ಗಾಳಿತಡೆಗಳನ್ನು ನಿಲ್ಲಿಸಬೇಕಾಯಿತು. ಗೋಪುರವನ್ನು ನೇರವಾಗಿ ನೆಲಕ್ಕಿಳಿಸದೆ ನಾಲ್ಕೈದು ಅಂತಸ್ತಿನ ಅಗಲ ಬುಡದ ಮೇಲೆ ಹಿಂದೆ ಸರಿಸಿ ಕೂರಿಸಿದರೆ ಇಳಿದ ಗಾಳಿ ಆ ಬುಡದ ಮಾಳಿಗೆಗೇ ಬಡಿದು ಚದುರುತ್ತದೆ. ಗಾಳಿ ಸುರಂಗದಲ್ಲಿ, ಅಂದರೆ ಸಣ್ಣ ಮಾದರಿಗಳ ಮೇಲೆ ಗಾಳಿ ಹಾಯಿಸಿ ನೋಡುವ ಪ್ರಯೋಗಶಾಲೆಯಲ್ಲಿ, ಆರೂ ಗೋಪುರಗಳನ್ನು ಒಟ್ಟಿಗೆ ಇಟ್ಟು ಪರೀಕ್ಷೆ ಮಾಡಿದ್ದಾರೆಯೇ, ಒಂದೊಂದನ್ನೇ ಮಾಡಿದ್ದಾರೆಯೇ ಎಂದು ಕೇಳಿ. ಒಂದೊಂದೇ ಮಾಡಿದ ಪರೀಕ್ಷೆ ಉದ್ಯಾನದ ಬಗ್ಗೆ ಏನನ್ನೂ ಹೇಳುವುದಿಲ್ಲ. ನೆರಳಿನ ಬಗ್ಗೆ ಒಂದೇ ಮಾತು: ಐವತ್ತು ಅಂತಸ್ತಿನ, ಅಂದರೆ ಸುಮಾರು 165 ಮೀಟರ್ ಎತ್ತರದ ಕಟ್ಟಡದ ನೆರಳು, ಸೂರ್ಯ ಮೂವತ್ತು ಡಿಗ್ರಿ ಮೇಲಿದ್ದಾಗ, ಸುಮಾರು 285 ಮೀಟರ್ ಚಾಚುತ್ತದೆ. ಹತ್ತು ಹೆಕ್ಟೇರಿನ ಚೌಕದ ಬದಿಯೇ 316 ಮೀಟರ್. ಚಳಿಯ ದೇಶದಲ್ಲಿ ಇದು ದೂರು, ಬಿಸಿಲ ನಾಡಿನಲ್ಲಿ ವರ. ಗೋಪುರದ ಪೂರ್ವಕ್ಕೆ ಆಟದ ಅಂಗಳ ಬಂದರೆ ಮಕ್ಕಳಿಗೆ ಸಂಜೆಯ ಹೊತ್ತು ತಂಪಾಗಿರುತ್ತದೆ.

ಇಷ್ಟು ಹೊತ್ತು ಕಾಂಕ್ರೀಟಿನ ಮಾತಾಯಿತು. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ಹುಟ್ಟಿಸಿದ ಮಾತು ‘ಈಗಿನವರಿಗೆಲ್ಲ ಅಲ್ಲಿಯೇ ಮನೆ’ ಎಂಬುದು. ‘ಎಲ್ಲ’ ಎಂದರೆ ಯಾರು? ಕ್ರಯಪತ್ರ ಇರುವ ಮಾಲೀಕರೇ? ಮೂವತ್ತು ವರ್ಷದಿಂದ ಬಾಡಿಗೆಗಿರುವವರೇ? ಕೆಳಗಿನ ಕೋಣೆಯಲ್ಲಿ ಲೇತ್ ಯಂತ್ರ ಇಟ್ಟುಕೊಂಡವರೇ? ಮಾಳಿಗೆಯ ಮೇಲಿನ ಶೀಟಿನ ಕೋಣೆಯಲ್ಲಿರುವ ಒಂಟಿ ಕೆಲಸಗಾರರೇ?

ಹಲವು ದೇಶಗಳು ಮಾಲೀಕರ ಪ್ರಶ್ನೆಯನ್ನು ಬಗೆಹರಿಸಿಕೊಂಡಿವೆ. ಜಪಾನಿನ 1969ರ ನಗರ ಪುನರಭಿವೃದ್ಧಿ ಕಾನೂನಿನಲ್ಲಿ ಮೂರನೇ ಎರಡರಷ್ಟು ಹಕ್ಕುದಾರರು ಒಪ್ಪಿದರೆ ಹಳೆಯ ಜಾಗದ ಹಕ್ಕನ್ನು ಹೊಸ ಕಟ್ಟಡದ ಪಾಲಾಗಿ ಮಾರ್ಪಡಿಸುವ ಏರ್ಪಾಡಿದೆ. ಟೋಕಿಯೊದ ಅಜಬುದಾಯ್ ಹಿಲ್ಸ್ ನಿಮ್ಮಲ್ಲಿ ಹೇಳುತ್ತಿರುವಂಥದ್ದೇ ಯೋಜನೆ: ಇಕ್ಕಟ್ಟಾದ ಹಳೆಯ ಮನೆಗಳ ಪ್ರದೇಶ, ಸುಮಾರು 8.1 ಹೆಕ್ಟೇರ್, ಅದರಲ್ಲಿ 2.4 ಹೆಕ್ಟೇರ್ ಹಸಿರು, 325 ಮೀಟರ್ ಎತ್ತರದ ಗೋಪುರ. ಜಾಗದ ಹಕ್ಕುದಾರರು ಸುಮಾರು ಮುನ್ನೂರು. ಸ್ಥಳೀಯರ ಸಮಿತಿ ರಚನೆಯಾದದ್ದು 1989ರಲ್ಲಿ, ಜನರಿಗೆ ತೆರೆದದ್ದು 2023ರ ನವೆಂಬರಿನಲ್ಲಿ. ನಡುವಿನ ಮೂವತ್ತನಾಲ್ಕು ವರ್ಷಗಳಲ್ಲಿ ದೊಡ್ಡ ಪಾಲು ಹೋದದ್ದು ಮಾತುಕತೆಗೆ. ಕೊನೆಗೆ ಹಕ್ಕುದಾರರಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿ ಯೋಜನೆಯೊಳಗೆ ಬಂದರು. ನಿಮ್ಮ ಬಡಾವಣೆಯಲ್ಲಿ ಎರಡು ಸಾವಿರ ಮನೆಗಳಿವೆ, ಎರಡು ತಿಂಗಳ ಸಮಯವಿದೆ. ಹಾಂಗ್‌ಕಾಂಗಿನಲ್ಲಿ ಸರ್ಕಾರಿ ಪುನರಭಿವೃದ್ಧಿಗೆ ಮನೆ ಬಿಟ್ಟುಕೊಡುವ ಮಾಲೀಕ ನಿವಾಸಿಗೆ, ಅವನ ಮನೆ ಎಷ್ಟೇ ಹಳೆಯದಿದ್ದರೂ, ಅದೇ ಪ್ರದೇಶದಲ್ಲಿ ಏಳು ವರ್ಷ ಹಳೆಯದಾದ ಮನೆಯ ಬೆಲೆಯನ್ನು ಆಧಾರವಾಗಿಟ್ಟು ಪರಿಹಾರ ಲೆಕ್ಕ ಹಾಕುತ್ತಾರೆ. ಕುಸಿಯುತ್ತಿರುವ ಗೋಡೆಯ ಬೆಲೆ ಕಟ್ಟಿ ಕೈತೊಳೆದುಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು.

ಬಾಡಿಗೆದಾರರ ಕಥೆ ಬೇರೆ. ಹಳೆಯ ಕಟ್ಟಡದ ಬಾಡಿಗೆ ಅಗ್ಗವಾಗಿರಲು ದೊಡ್ಡ ಕಾರಣ, ಅದನ್ನು ಕಟ್ಟಿದ ಸಾಲ ಎಂದೋ ತೀರಿರುವುದು. ಹೊಸ ಕಟ್ಟಡ ತನ್ನ ಸಾಲವನ್ನು ತೀರಿಸಲೇಬೇಕು, ಆದ್ದರಿಂದ ಎಷ್ಟೇ ಸಜ್ಜನ ಮಾಲೀಕನಾದರೂ ಹಳೆಯ ಬಾಡಿಗೆಗೆ ಕೊಡಲಾರ. ದರ್ಜಿ, ಗಡಿಯಾರ ರಿಪೇರಿಯವನು, ಮುದ್ರಣದ ಅಂಗಡಿ, ಮೋಟಾರು ಸುತ್ತುವವನು ಇವರೆಲ್ಲ ಒಬ್ಬರ ಗಿರಾಕಿಯನ್ನು ಇನ್ನೊಬ್ಬರಿಗೆ ಕಳಿಸುತ್ತ ಬದುಕುವವರು. ಚದುರಿಸಿದರೆ ಒಬ್ಬೊಬ್ಬರೂ ಬೇರೆ ಬೇರೆಯಾಗಿ ಬಡವಾಗುತ್ತಾರೆ. ಇದಕ್ಕೆ ನನಗೆ ತಿಳಿದಿರುವ ಮದ್ದು ಒಂದೇ: ಬಡಾವಣೆಯ ಒಂದು ಭಾಗವನ್ನು, ಗಟ್ಟಿಯಾಗಿರುವ ಕಟ್ಟಡಗಳಿರುವ ಭಾಗವನ್ನು, ಕೆಡವದೆ ರಿಪೇರಿ ಮಾಡಿ ಹಾಗೆಯೇ ಉಳಿಸುವುದು. ಚೆಲುವಿಗಾಗಿ ಹೇಳುತ್ತಿಲ್ಲ, ಅಗ್ಗದ ಚದರಡಿಗಳಿಗಾಗಿ ಹೇಳುತ್ತಿದ್ದೇನೆ. ಯಾವ ಕಟ್ಟಡ ಗಟ್ಟಿ, ಯಾವುದು ಶಿಥಿಲ ಎಂದು ಕಟ್ಟಡವಾರು ಪರೀಕ್ಷೆಯ ವರದಿ ಕಡತದಲ್ಲಿರಬೇಕು. ‘ಇಡೀ ಪ್ರದೇಶ ಶಿಥಿಲ’ ಎಂಬ ಒಂದು ಸಾಲಿನ ಷರಾ ಪರೀಕ್ಷೆ ಅನಿಸಿಕೊಳ್ಳುವುದಿಲ್ಲ.

ಹೊಸ ಮನೆ ಪುಕ್ಕಟೆಯಾಗಿ ಸಿಕ್ಕರೂ ಪುಕ್ಕಟೆಯಲ್ಲ ಎಂಬುದನ್ನು ನಿಮ್ಮ ನೆರೆಯವರಿಗೆ ಈಗಲೇ ಹೇಳಿ. ಹಳೆಯ ಮನೆಯಲ್ಲಿ ಮೆಟ್ಟಿಲಿನ ಬಲ್ಬು ಹೋದರೆ ಯಾರೋ ಒಬ್ಬರು ಹಾಕುತ್ತಾರೆ. ಐವತ್ತು ಅಂತಸ್ತಿನಲ್ಲಿ ಲಿಫ್ಟಿನ ಗುತ್ತಿಗೆ, ನೀರೆತ್ತುವ ಪಂಪು, ಬೆಂಕಿ ಆರಿಸುವ ವ್ಯವಸ್ಥೆ, ಜನರೇಟರ್, ಕಾವಲು ಎಲ್ಲದಕ್ಕೂ ತಿಂಗಳು ತಿಂಗಳೂ ಹಣ ಬೇಕು. ಕಟ್ಟಲಾರದ ಕುಟುಂಬ ಎರಡು ವರ್ಷ ಒದ್ದಾಡಿ, ಮನೆ ಮಾರಿ ಊರಂಚಿಗೆ ಹೋಗುತ್ತದೆ. ಅಂಕಿಅಂಶದಲ್ಲಿ ಮಾತ್ರ ಅದು ‘ಪುನರ್ವಸತಿ ಪಡೆದ ಕುಟುಂಬ’ವಾಗಿಯೇ ಇರುತ್ತದೆ. ಮಾರಾಟದ ಹಣದಿಂದ ಒಂದು ಇಡಿಗಂಟನ್ನು ತೆಗೆದಿಟ್ಟು, ಅದರ ಬಡ್ಡಿಯಿಂದ ಮೂಲನಿವಾಸಿಗಳ ನಿರ್ವಹಣಾ ಶುಲ್ಕ ಸಾಗುವಂತೆ ಕರಾರಿನಲ್ಲೇ ಬರೆಸಬೇಕು.

ನಿರ್ವಹಣೆ ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಸೇಂಟ್ ಲೂಯಿಸ್ ನಗರದ ಪ್ರುಯಿಟ್ ಐಗೊ ವಸತಿ ಸಮುಚ್ಚಯದ ಲಿಫ್ಟನ್ನು ನೋಡಿ. ಹಳೆಯ ಬಡ ಬಡಾವಣೆಯನ್ನು ಕೆಡವಿ, 1950ರ ದಶಕದ ಮಧ್ಯದಲ್ಲಿ ಕಟ್ಟಿದ ಹನ್ನೊಂದು ಅಂತಸ್ತಿನ 33 ಕಟ್ಟಡಗಳು. ಅಲ್ಲಿನ ಲಿಫ್ಟುಗಳು ಒಂದು, ನಾಲ್ಕು, ಏಳು, ಹತ್ತನೆಯ ಅಂತಸ್ತುಗಳಲ್ಲಿ ಮಾತ್ರ ನಿಲ್ಲುತ್ತಿದ್ದವು. ಆರನೆಯ ಅಂತಸ್ತಿನ ಮನೆಯವರು ಏಳರಲ್ಲಿ ಇಳಿದು, ಉದ್ದನೆಯ ಮೊಗಸಾಲೆ ದಾಟಿ, ಚೀಲ ಹೊತ್ತು ಒಂದು ಅಂತಸ್ತು ಕೆಳಗೆ ನಡೆಯಬೇಕು. ನೆರೆಹೊರೆಯವರು ಮೊಗಸಾಲೆಯಲ್ಲಿ ಕಲೆತು ಮಾತಾಡಲಿ ಎಂಬ ಸದುದ್ದೇಶ, ಜೊತೆಗೆ ಒಂದಷ್ಟು ಉಳಿತಾಯ. ನಿರ್ವಹಣೆಗೆ ಇದ್ದದ್ದು ಬಡ ಬಾಡಿಗೆದಾರರು ಕೊಡುವ ಬಾಡಿಗೆಯ ಹಣ. ಮನೆಗಳು ಖಾಲಿಯಾದಂತೆ ಹಣ ಕಡಿಮೆಯಾಯಿತು, ಹಣ ಕಡಿಮೆಯಾದಂತೆ ಲಿಫ್ಟು, ದೀಪ, ಕೊಳವೆ ಕೆಟ್ಟವು, ಅವು ಕೆಟ್ಟಂತೆ ಇನ್ನಷ್ಟು ಮನೆಗಳು ಖಾಲಿಯಾದವು. 1972ರಲ್ಲಿ ಸಿಡಿಮದ್ದು ಇಟ್ಟು ಉರುಳಿಸಲು ಶುರು ಮಾಡಿದರು, 1976ರ ಹೊತ್ತಿಗೆ ಒಂದೂ ಉಳಿಯಲಿಲ್ಲ. ಎಲ್ಲ ತಪ್ಪನ್ನೂ ವಾಸ್ತುಶಿಲ್ಪಿಯ ತಲೆಗೆ ಕಟ್ಟುವ ರೂಢಿಯಿದೆ. ನನ್ನ ಮಟ್ಟಿಗೆ ಅದು ಕೆಟ್ಟ ನಕ್ಷೆಗಿಂತ ಹೆಚ್ಚಾಗಿ ಕೆಟ್ಟ ಜಮಾಖರ್ಚಿನ ಕಥೆ.

ಈಗ ಮತ್ತೆ ವೇಳಾಪಟ್ಟಿಗೆ ಬರುತ್ತೇನೆ. ಬಿಲ್ಡರನಿಗೆ ಹಣ ತರುವುದು ಮಾರಾಟದ ಗೋಪುರಗಳು. ಉದ್ಯಾನ, ಮೂಲನಿವಾಸಿಗಳ ಮನೆ, ಶಾಲೆ ಇವೆಲ್ಲ ಅವನಿಗೆ ಖರ್ಚು. ಹಣ ತರುವುದನ್ನು ಮೊದಲು, ಖರ್ಚನ್ನು ಕೊನೆಗೆ ಇಡುವುದು ದುಷ್ಟತನವಲ್ಲ, ವ್ಯಾಪಾರ. ಆದರೆ ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 2003ರಲ್ಲಿ ಘೋಷಿಸಿದ ಅಟ್ಲಾಂಟಿಕ್ ಯಾರ್ಡ್ಸ್ ಯೋಜನೆಯಲ್ಲಿ 22 ಎಕರೆಯ ಮೇಲೆ ಕ್ರೀಡಾಂಗಣ, ಗೋಪುರಗಳು, 2,250 ಕೈಗೆಟಕುವ ಬೆಲೆಯ ಮನೆಗಳು, ಎಂಟು ಎಕರೆ ಬಯಲು ಇರುತ್ತವೆಂದು ಹೇಳಿದ್ದರು. ಕ್ರೀಡಾಂಗಣ 2012ರಲ್ಲೇ ತೆರೆಯಿತು. ಬಯಲಿನ ದೊಡ್ಡ ಭಾಗ ಬರಬೇಕಾಗಿದ್ದದ್ದು ರೈಲು ಹಳಿಗಳ ಮೇಲೆ ಹಾಸಬೇಕಿದ್ದ ಚಾವಣಿಯ ಕಡೆಗೆ. ಆ ಚಾವಣಿ ಹಾಸದೆಯೇ, ಅಗ್ಗದ ಮನೆಗಳಿಗೆ ಕೊಟ್ಟಿದ್ದ 2025ರ ಮೇ ತಿಂಗಳ ಗಡುವು ದಾಟಿಹೋಯಿತು.

ಉಲ್ಟಾ ಉದಾಹರಣೆಗಳೂ ಇವೆ. ಅದೇ ನ್ಯೂಯಾರ್ಕಿನ ಬ್ಯಾಟರಿ ಪಾರ್ಕ್ ಸಿಟಿ ನದಿಯಂಚನ್ನು ತುಂಬಿ ಮಾಡಿದ 92 ಎಕರೆ ಭೂಮಿ. ಮೊದಲ ಯೋಜನೆ ಮುಗ್ಗರಿಸಿದ ಮೇಲೆ 1979ರಲ್ಲಿ ಹೊಸ ನಕ್ಷೆ ಬಂತು. ಅದು ನಗರದ ಹಳೆಯ ಬೀದಿಗಳನ್ನೇ ಮುಂದಕ್ಕೆ ಎಳೆದು, ನದಿಯ ಗುಂಟ ಸಾರ್ವಜನಿಕ ನಡಿಗೆದಾರಿಯನ್ನು ಆರಂಭದಲ್ಲೇ ಕಟ್ಟಿಸಿತು. ಲಂಡನ್ನಿನ ಕಿಂಗ್ಸ್ ಕ್ರಾಸ್ ಹಿಂದಿನ ಹಳೆಯ ರೈಲ್ವೆ ಗೋದಾಮಿನ 67 ಎಕರೆಗೆ 2006ರಲ್ಲಿ ಒಪ್ಪಿಗೆ ಸಿಕ್ಕಿತು. ಅಲ್ಲಿ ಮೊದಲು ಜೀವ ತುಂಬಿದವರು 1852ರ ಧಾನ್ಯದ ಕಣಜಕ್ಕೆ 2011ರಲ್ಲಿ ಬಂದ ಕಲಾ ಕಾಲೇಜಿನ ವಿದ್ಯಾರ್ಥಿಗಳು. ಅದರ ಮುಂದಿನ ಚೌಕ 2012ರಲ್ಲಿ ತೆರೆಯಿತು. ಕಚೇರಿ ಮತ್ತು ಮನೆಗಳಲ್ಲಿ ಬಹುಪಾಲು ಅದಾದ ಮೇಲೆ ಬಂದವು. ಒಟ್ಟು 26 ಎಕರೆ ಬಯಲು ಉಳಿಯಿತು, ಕಟ್ಟಡಗಳು ಬಹುತೇಕ ಮಧ್ಯಮ ಎತ್ತರದವು. ಆದರೆ ಎರಡೂ ಕಡೆ ಒಕ್ಕಲೆಬ್ಬಿಸಬೇಕಾದ ಜನವಸತಿ ಹೆಚ್ಚೇನೂ ಇರಲಿಲ್ಲ. ನಿಮ್ಮಲ್ಲಿ ಎಂಟು ಸಾವಿರ ಜನರಿದ್ದಾರೆ. ನಿಮ್ಮ ಕೆಲಸ ಅವರದಕ್ಕಿಂತ ಕಷ್ಟ.

ಆ ಕಷ್ಟದ ಕೆಲಸಕ್ಕೆ ಗೊತ್ತಿರುವ ದಾರಿ ಹೀಗೆ. ಬಡಾವಣೆಯಲ್ಲೋ ಪಕ್ಕದಲ್ಲೋ ಖಾಲಿ ಬಿದ್ದಿರುವ ಜಾಗದಲ್ಲಿ ಮೊದಲ ಕಟ್ಟಡ ಏಳುತ್ತದೆ. ಒಂದು ಗುಂಪು ಹಳೆಯ ಮನೆಯಿಂದ ನೇರವಾಗಿ ಅಲ್ಲಿಗೆ ಹೋಗುತ್ತದೆ. ಖಾಲಿಯಾದ ಭಾಗ ಕೆಡವಿ ಎರಡನೆಯದು, ಮತ್ತೊಂದು ಗುಂಪು. ಪ್ರತಿ ಕುಟುಂಬಕ್ಕೂ ಒಂದೇ ಒಂದು ಸಲ ಗಂಟುಮೂಟೆ ಕಟ್ಟುವ ಕೆಲಸ. ‘ತಾತ್ಕಾಲಿಕ ವಸತಿ’ ಎಂಬ ಪದ ಕಂಡ ಕಡೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯಿರಿ. ಮುಂಬೈಯ ಟ್ರಾನ್ಸಿಟ್ ಕ್ಯಾಂಪುಗಳಿಗೆ ಕೆಲವು ವರ್ಷಕ್ಕೆಂದು ಹೋದವರಲ್ಲಿ ದಶಕಗಳನ್ನು ಅಲ್ಲಿಯೇ ಕಳೆದ ಕುಟುಂಬಗಳಿವೆ.

ಉದ್ಯಾನಕ್ಕೂ ಇದೇ ಬಿಗಿ ಬೇಕು. ಮೊದಲ ಹೆಕ್ಟೇರ್ ಮುಗಿದು ಸಾರ್ವಜನಿಕರಿಗೆ ತೆರೆಯುವ ತನಕ ಎರಡನೆಯ ಮಾರಾಟ ಗೋಪುರಕ್ಕೆ ವಾಸಯೋಗ್ಯ ಪ್ರಮಾಣಪತ್ರ ಕೊಡಕೂಡದು ಎಂದು ಷರತ್ತು ಹಾಕಿಸಿ. ಭೂಮಿಯ ಒಡೆತನ ಬಿಲ್ಡರನಿಗಾಗಲಿ ನಾಳೆ ಹುಟ್ಟುವ ನಿವಾಸಿಗಳ ಸಂಘಕ್ಕಾಗಲಿ ಇರದೆ ನಗರಾಡಳಿತದ ಹೆಸರಿಗೆ ನೋಂದಣಿಯಾಗಬೇಕು. ಬಾರ್ಸಿಲೋನಾದಲ್ಲಿ 1859ರಲ್ಲಿ ಇಲ್ಡೆಫೊನ್ಸ್ ಸೆರ್ದಾ ಹಾಕಿದ ನಕ್ಷೆಯಲ್ಲಿ 113 ಮೀಟರಿನ ಪ್ರತಿ ಚೌಕದ ಒಳಗೂ ತೋಟವಿತ್ತು, ಕಟ್ಟಡ ಎರಡು ಬದಿಗೆ ಮಾತ್ರ. ಕ್ರಮೇಣ ನಾಲ್ಕೂ ಬದಿ ಕಟ್ಟಿದರು, ಒಳಗಿನ ತೋಟಗಳನ್ನು ಗೋದಾಮು, ಕಾರ್ಯಾಗಾರಗಳು ನುಂಗಿದವು. ಆ ಅಂಗಳಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುವ ಕೆಲಸವನ್ನು ನಗರ 1980ರ ದಶಕದಿಂದ ಮಾಡುತ್ತಲೇ ಇದೆ. ನ್ಯೂಯಾರ್ಕ್ ತನ್ನ 1961ರ ನಿಯಮಗಳಲ್ಲಿ, ಬುಡದಲ್ಲಿ ಒಂದು ಚದರಡಿ ಸಾರ್ವಜನಿಕ ಬಯಲು ಬಿಟ್ಟರೆ, ಅತಿ ದಟ್ಟ ವಲಯಗಳಲ್ಲಿ, ಹತ್ತು ಚದರಡಿ ಹೆಚ್ಚುವರಿ ಕಟ್ಟಡ ಕಟ್ಟಲು ಬಿಟ್ಟಿತು. ಹೆಚ್ಚುವರಿ ಅಂತಸ್ತುಗಳು ತಪ್ಪದೆ ಎದ್ದವು. ಬಯಲುಗಳಲ್ಲಿ ಎಷ್ಟೋ ಕಡೆ ಕೂರಲು ಒಂದು ಕಟ್ಟೆಯೂ ಇರಲಿಲ್ಲ. ವಿಲಿಯಂ ವೈಟ್ ಎಂಬಾತ ಕ್ಯಾಮೆರಾ ಇಟ್ಟು, ಜನ ಎಲ್ಲಿ ಕೂರುತ್ತಾರೆ, ಎಲ್ಲಿ ಕೂರುವುದಿಲ್ಲ ಎಂದು ದಾಖಲಿಸಿದ ಮೇಲೆಯೇ, 1975ರಲ್ಲಿ, ಆಸನ ಇಷ್ಟಿರಬೇಕು ಎಂಬ ನಿಯಮ ಬಂತು. ಗೇಟಿಗೆ ಬೀಗ ಇರಬಾರದು, ಕುಳಿತುಕೊಳ್ಳಲು ಜಾಗ, ಶೌಚಾಲಯ, ಕುಡಿಯುವ ನೀರು ಇರಬೇಕು ಎಂಬಷ್ಟು ಚಿಲ್ಲರೆ ವಿವರಗಳನ್ನೂ ಕರಾರಿಗೆ ಹಾಕಿಸಲು ಸಂಕೋಚ ಪಡಬೇಡಿ.

ನಿಮ್ಮ ಪ್ರಶ್ನೆಗೆ ಸಂಬಂಧಿಸಿದ ಇನ್ನೊಂದು ಸಂಗತಿ. ಉದ್ಯಾನ ಎಂದರೆ ಯಾರೂ ಬೇಡ ಎನ್ನುವುದಿಲ್ಲ, ಅದಕ್ಕೇ ಅದನ್ನು ಮುಂದಿಟ್ಟುಕೊಂಡು ಜನರನ್ನು ಎಬ್ಬಿಸುವುದು ಸುಲಭ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಜಾಗದಲ್ಲಿ 1850ರ ದಶಕದಲ್ಲಿ ಸುಮಾರು 1,600 ಜನ ವಾಸವಿದ್ದರು. ಅದರಲ್ಲಿ ಸೆನೆಕಾ ವಿಲೇಜ್ ಎಂಬುದು ಕಪ್ಪು ಜನರು ಸ್ವಂತ ಜಮೀನು ಕೊಂಡು ಕಟ್ಟಿಕೊಂಡಿದ್ದ ಊರು, ಮೂರು ಚರ್ಚು, ಒಂದು ಶಾಲೆ ಇದ್ದವು. 1857ರ ಹೊತ್ತಿಗೆ ಎಲ್ಲವನ್ನೂ ತೆರವು ಮಾಡಿದ್ದರು. ಇಂದು ಅಲ್ಲಿ ಹುಲ್ಲಿನ ಮೇಲೆ ಕೂರುವ ಬಹುಪಾಲು ಜನರಿಗೆ ಅದು ತಿಳಿದಿರುವುದಿಲ್ಲ.

ಎರಡು ತಿಂಗಳಲ್ಲಿ ನೀವು ಮಾಡಬಹುದಾದದ್ದು ಇಷ್ಟು. ಮೊದಲ ವಾರ ಹಂತಗಳ ವೇಳಾಪಟ್ಟಿ, ನೆಲಮಾಳಿಗೆಯ ನಕ್ಷೆ, ಕಟ್ಟಡವಾರು ಶಿಥಿಲತೆಯ ವರದಿ, ನಿವಾಸಿಗಳ ಪಟ್ಟಿ ಈ ನಾಲ್ಕನ್ನು ಲಿಖಿತವಾಗಿ ಕೇಳಿ. ಎರಡನೆಯ ವಾರದಿಂದ ನಿಮ್ಮ ಬೀದಿಯ ಮನೆಮನೆಗೆ ಹೋಗಿ ನೀವೇ ಒಂದು ಪಟ್ಟಿ ಮಾಡಿ: ಯಾರಿದ್ದಾರೆ, ಮಾಲೀಕರೋ ಬಾಡಿಗೆಯೋ, ಎಷ್ಟು ವರ್ಷವಾಯಿತು, ಏನು ಕೆಲಸ, ತಿಂಗಳಿಗೆ ಎಷ್ಟು ಶುಲ್ಕ ಕಟ್ಟಬಲ್ಲರು. ಸರ್ಕಾರದ ಪಟ್ಟಿಯಲ್ಲಿ ಇಲ್ಲದ ಹೆಸರುಗಳು ನಿಮ್ಮದರಲ್ಲಿ ಖಂಡಿತ ಇರುತ್ತವೆ. ಮಾಳಿಗೆಯ ಮೇಲಿನ ಶೀಟಿನ ಕೋಣೆಗೂ ಹತ್ತಿ ಹೋಗಿ. ಆಕ್ಷೇಪಣೆಯಲ್ಲಿ ‘ಗೋಪುರ ಬೇಡ’ ಎಂದು ಬರೆದರೆ ಅವರ ಬಳಿ ಉತ್ತರ ಸಿದ್ಧವಿದೆ. ‘ಮೂರನೆಯ ಹಂತದಲ್ಲಿ ಒಡೆಯುವ ಇಂತಿಂಥ ಮನೆಗಳವರು ಆ ದಿನ ಎಲ್ಲಿರುತ್ತಾರೆ’ ಎಂದು ಕೇಳಿದರೆ ಅವರು ವೇಳಾಪಟ್ಟಿಯನ್ನು ತಿದ್ದಬೇಕಾಗುತ್ತದೆ. ಪತ್ರವನ್ನು ಕೊನೆಯ ದಿನದ ತನಕ ಇಟ್ಟುಕೊಳ್ಳಬೇಡಿ, ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಮೊಹರು ಮತ್ತು ದಿನಾಂಕದೊಂದಿಗೆ ಸ್ವೀಕೃತಿ ಹಾಕಿಸಿಕೊಂಡೇ ಮೇಜಿನಿಂದ ಏಳಿ.